ಪೈಪು ಮಾಲೀಕನದು, ಬ್ಲೇಡು ಕೆಲಸಗಾರನದು

ಲೆಕ್ಕ ಪರಿಶೋಧನೆಯ ವೃತ್ತಿಯಲ್ಲಿರುವವರ ಕಣ್ಣು ಮೊದಲು ಹೋಗುವುದು ದೊಡ್ಡ ಮೊತ್ತಗಳ ಕಡೆಗೆ. ಖರೀದಿ, ಮಾರಾಟ, ಬಡ್ಡಿ, ಬಾಡಿಗೆ, ಸಂಬಳ, ಇವುಗಳ ತಪಾಸಣೆ ಮುಗಿಯುವ ವೇಳೆಗೆ ದಿನ ಮುಗಿದಿರುತ್ತದೆ. ಕೆಲವು ನೂರು ರೂಪಾಯಿಗಳ ಬಾಬುಗಳನ್ನು ‘ಇತರ ಖರ್ಚು’ ಎಂಬ ತಲೆಬರಹದಡಿ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಕೆಲವೊಮ್ಮೆ ದೊಡ್ಡ ನಷ್ಟದ ಬೇರು ಇಂತಹ ಸಣ್ಣ ಬಾಬಿನಲ್ಲೇ ಇರುತ್ತದೆ. ಅಂತಹ ಒಂದು ಬಾಬನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಅದು ನಳದ ಕೆಲಸದಲ್ಲಿ ಪೈಪು ತುಂಡರಿಸುವ ಕೈ ಉಪಕರಣಗಳ ಬಾಬು.

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಲೆಕ್ಕ ಒಪ್ಪಿಸುವ ಪ್ಲಂಬಿಂಗ್ ಗುತ್ತಿಗೆದಾರರೊಬ್ಬರ ಖಾತಾ ಪುಸ್ತಕಗಳನ್ನು ನೋಡುತ್ತಿದ್ದೆ. ಆರೇಳು ಕೆಲಸಗಾರರ ಸಣ್ಣ ಸಂಸ್ಥೆ. ವ್ಯವಹಾರ ಹೆಚ್ಚಿತ್ತು, ಆದರೆ ಲಾಭ ಹೆಚ್ಚಿರಲಿಲ್ಲ. ‘ಸೋರಿಕೆ ದುರಸ್ತಿ’ ಎಂಬ ಖಾತೆಯೊಂದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದಿತ್ತು. ಮನೆಯೊಂದರಲ್ಲಿ ಗೃಹಪ್ರವೇಶವಾಗಿ ಎರಡು ವರ್ಷಗಳ ಬಳಿಕ ಸ್ನಾನಗೃಹದ ಹಿಂದಿನ ಗೋಡೆಯ ಬಣ್ಣ ಉಬ್ಬಿ ಉದುರಿತ್ತು. ಹೆಂಚು ಒಡೆಸಿ ನೋಡಿದಾಗ ಗೋಡೆಯೊಳಗಿನ ಸಿಪಿವಿಸಿ ಪೈಪಿನ ತುದಿ ಓರೆಯಾಗಿ ಕತ್ತರಿಸಲ್ಪಟ್ಟಿದ್ದುದೂ, ಆ ತುದಿಯಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿದ್ದುದೂ ಕಂಡುಬಂದವು. ಒಡೆದ ಹೆಂಚಿನ ಬಣ್ಣ ಪೇಟೆಯಲ್ಲಿ ಸಿಗದ ಕಾರಣ ಇಡೀ ಗೋಡೆಯ ಹೆಂಚನ್ನೇ ಬದಲಾಯಿಸಬೇಕಾಯಿತು. ಮನೆಯವರು ತಡೆಹಿಡಿದಿದ್ದ ಬಾಕಿ ಹಣವನ್ನು ಕೊಡಲಿಲ್ಲ. ಅವರು ಕೊಡಬೇಕಿತ್ತೆಂದು ಹೇಳುವ ಧೈರ್ಯ ನನಗೂ ಇರಲಿಲ್ಲ.

ಅದೇ ವರ್ಷದ ‘ಕೈ ಉಪಕರಣ’ ಖಾತೆಯನ್ನು ತೆರೆದು ನೋಡಿದೆ. ಇಡೀ ವರ್ಷದ ಮೊತ್ತವು ಆ ಗೋಡೆಗೆ ತಂದ ಹೆಂಚಿನ ಬಿಲ್ಲಿನ ಹತ್ತನೆಯ ಒಂದು ಭಾಗವೂ ಇರಲಿಲ್ಲ. ಕುತೂಹಲದಿಂದ ಒಂದು ದಿನ ಅವರ ಕೆಲಸ ನಡೆಯುತ್ತಿದ್ದ ಸ್ಥಳಕ್ಕೇ ಹೋದೆ. ನಲವತ್ತರ ಆಸುಪಾಸಿನ ಅನುಭವಿ ಪ್ಲಂಬರ್ ಒಬ್ಬರು ಹಲ್ಲು ಸವೆದು ನುಣ್ಣಗಾದ ಹ್ಯಾಕ್ಸಾ ಬ್ಲೇಡಿನಿಂದ ಅರ್ಧ ಇಂಚಿನ ಜಿ.ಐ. ಪೈಪನ್ನು ಉಜ್ಜುತ್ತಿದ್ದರು. ಕೊಯ್ಯುತ್ತಿದ್ದರು ಎನ್ನಲಾರೆ. ‘ಬ್ಲೇಡು ಬದಲಿಸಬಾರದೇ?’ ಎಂದು ಕೇಳಿದೆ. ಅವರು ತಲೆಯೆತ್ತದೆಯೇ ಉತ್ತರಿಸಿದರು: ‘ಪೈಪು ಮಾಲಕರದ್ದು, ಬ್ಲೇಡು ನಂದರೀ ಸಾಹೇಬರ.’

ಎಷ್ಟೋ ಪುಟಗಳ ವೆಚ್ಚ ವಿಶ್ಲೇಷಣೆಯಿಂದ ತಿಳಿಯದ ಸಂಗತಿಯನ್ನು ಆ ಒಂದು ಮಾತು ನನಗೆ ತಿಳಿಸಿಕೊಟ್ಟಿತು.

ಖರ್ಚು ಒಬ್ಬನದು, ನಷ್ಟ ಇನ್ನೊಬ್ಬನದು

ನಮ್ಮ ಭಾಗದಲ್ಲಿ ದಿನಗೂಲಿಯ ಪ್ಲಂಬರ್ ತನ್ನ ಚೀಲವನ್ನು ತಾನೇ ತರಬೇಕೆಂಬುದು ಬಹುತೇಕ ಕಡೆ ರೂಢಿ. ಪೈಪು, ಫಿಟಿಂಗ್, ಸಾಲ್ವೆಂಟ್ ಸಿಮೆಂಟುಗಳನ್ನು ಗುತ್ತಿಗೆದಾರನೋ ಮನೆಯ ಮಾಲೀಕನೋ ತರಿಸುತ್ತಾನೆ. ಬ್ಲೇಡು, ಕಟರು, ಅರ, ಪಾನಾಗಳು ಕೆಲಸಗಾರನ ಕಿಸೆಯಿಂದ ಬರಬೇಕು. ಈ ವ್ಯವಸ್ಥೆಯ ಪರಿಣಾಮವನ್ನು ವಿಚಾರ ಮಾಡಿ ನೋಡಿ. ಬ್ಲೇಡು ಬದಲಿಸಿದರೆ ಆ ಖರ್ಚು ಅಂದಿನ ಕೂಲಿಯಲ್ಲಿ ಕಳೆಯುತ್ತದೆ. ಬದಲಿಸದೆ ಪೈಪು ಕೆಟ್ಟರೆ ಅವನಿಗೆ ಏನೂ ಕಳೆಯುವುದಿಲ್ಲ. ಹೊತ್ತು ಹೆಚ್ಚು ಹಿಡಿದರೂ ದಿನಗೂಲಿ ದಿನಗೂಲಿಯೇ. ಹೀಗಿರುವಾಗ ಹಳೆಯ ಬ್ಲೇಡನ್ನು ಹಲ್ಲುದುರುವವರೆಗೂ ಬಳಸುವುದು ಅವನ ಮಟ್ಟಿಗೆ ಸರಿಯಾದ ಲೆಕ್ಕವೇ ಆಗಿದೆ. ತಪ್ಪು ಅವನದಲ್ಲ, ಖರ್ಚನ್ನೂ ನಷ್ಟವನ್ನೂ ಬೇರೆ ಬೇರೆಯವರ ತಲೆಗೆ ಕಟ್ಟಿದ ನಮ್ಮ ಪದ್ಧತಿಯದು.

ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಪೈಪಿನ ನಷ್ಟ ಯಾರದೋ, ಪೈಪು ಕೊಯ್ಯುವ ಉಪಕರಣದ ಖರ್ಚೂ ಅವರದೇ ಆಗಬೇಕು. ಗುತ್ತಿಗೆದಾರರು ಉಪಕರಣಗಳನ್ನು ತಮ್ಮ ಖಾತೆಯಲ್ಲಿ ಕೊಂಡು, ತಮ್ಮ ಪಟ್ಟಿಯಲ್ಲಿ ದಾಖಲಿಸಿ, ತಾವೇ ನಿರ್ವಹಿಸಬೇಕು. ಅವುಗಳನ್ನು ಮಾರುವ ವ್ಯಾಪಾರಿಗಳು ಬೆಲೆಯೊಂದಿಗೆ ಬಿಡಿ ಭಾಗವನ್ನೂ ತಿಳಿವಳಿಕೆಯನ್ನೂ ಮಾರಬೇಕು.

ಒಂದು ಕೊಯ್ತದಲ್ಲಿ ಏನು ಅಡಗಿದೆ

ಪೈಪು ತುಂಡಾದರೆ ಸಾಕಲ್ಲವೇ ಎಂದು ಕೇಳುವವರುಂಟು. ಸಾಲದು. ಕೊಯ್ದ ತುದಿಯು ಪೈಪಿನ ಉದ್ದಕ್ಕೆ ನೇರ ಕಾಟಕೋನದಲ್ಲಿರಬೇಕು, ಒಳಗೂ ಹೊರಗೂ ಚೂಪು ಅಂಚು ಉಳಿಯಬಾರದು, ಗೋಡೆಯಲ್ಲಿ ಬಿರುಕು ಬಿಡಬಾರದು. ಈ ಮೂರು ಮಾತುಗಳಲ್ಲಿ ಒಂದು ತಪ್ಪಿದರೂ ಜೋಡಣೆ ದುರ್ಬಲವಾಗುತ್ತದೆ.

ಸಿಪಿವಿಸಿ ಮತ್ತು ಪಿವಿಸಿ ಪೈಪುಗಳಲ್ಲಿ ಸಾಲ್ವೆಂಟ್ ಸಿಮೆಂಟು ಪೈಪಿನ ಹೊರಮೈಯನ್ನೂ ಫಿಟಿಂಗಿನ ಒಳಮೈಯನ್ನೂ ಕರಗಿಸಿ ಒಂದಾಗಿಸುತ್ತದೆ. ತುದಿ ಓರೆಯಾಗಿದ್ದರೆ ಒಂದು ಬದಿಯಲ್ಲಿ ಪೈಪು ಫಿಟಿಂಗಿನ ತಳವನ್ನು ಮುಟ್ಟುವುದೇ ಇಲ್ಲ, ಅಷ್ಟರಮಟ್ಟಿಗೆ ಬೆಸುಗೆಯ ವಿಸ್ತೀರ್ಣ ಕಡಿಮೆಯಾಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನಂತಹ ಚೂರುಗಳು ಉಳಿದಿದ್ದರೆ ಪೈಪನ್ನು ಒಳಕ್ಕೆ ತಳ್ಳುವಾಗ ಅವು ಹಚ್ಚಿದ ಸಿಮೆಂಟನ್ನು ಕೆರೆದು ಒಯ್ಯುತ್ತವೆ. ಹೊರಗಿನಿಂದ ನೋಡಿದರೆ ಜೋಡಣೆ ಸುಂದರವಾಗಿಯೇ ಕಾಣುತ್ತದೆ.

ಜಿ.ಐ. ಪೈಪಿನಲ್ಲಿ ಓರೆ ತುದಿಯ ಮೇಲೆ ಡೈ ಓರೆಯಾಗಿಯೇ ಕೂರುತ್ತದೆ, ಥ್ರೆಡ್ಡೂ ಓರೆಯಾಗುತ್ತದೆ. ಅದನ್ನು ಮುಚ್ಚಿಹಾಕಲು ಸಫೇದಾ, ನೂಲು, ಟೆಫ್ಲಾನ್ ಟೇಪುಗಳನ್ನು ಎರಡರಷ್ಟು ಸುತ್ತಲಾಗುತ್ತದೆ. ಗಾಲಿ ಕಟರಿನಿಂದ ಕೊಯ್ದಾಗ ಪೈಪಿನ ಒಳಗಡೆ ಉಬ್ಬು ಏಳುತ್ತದೆ. ರೀಮರ್ ಹಾಕಿ ಅದನ್ನು ತೆಗೆಯದಿದ್ದರೆ ಪ್ರತಿ ಜೋಡಣೆಯಲ್ಲಿಯೂ ನೀರಿನ ದಾರಿ ಕಿರಿದಾಗುತ್ತದೆ. ತುಕ್ಕು ಮತ್ತು ಕೆಸರು ಮೊದಲು ಕಟ್ಟುವುದೂ ಅಲ್ಲಿಯೇ. ಮಾಲೀಕರು ಮುಂದೆ ‘ಮೇಲಿನ ಅಂತಸ್ತಿಗೆ ನೀರಿನ ಒತ್ತಡವೇ ಇಲ್ಲ’ ಎಂದು ದೂರುವಾಗ ಕಾರಣ ಕೆಲವೊಮ್ಮೆ ಇಷ್ಟು ಸಣ್ಣದಾಗಿರುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. ಮೊದಲು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ನಳದಲ್ಲಿ ನೀರು ಬರುತ್ತಿದ್ದ ಕಾಲದಲ್ಲಿ ದುರ್ಬಲ ಜೋಡಣೆಯೂ ಕೆಲವೇ ಗಂಟೆಗಳ ಒತ್ತಡವನ್ನು ತಡೆದುಕೊಂಡರೆ ಸಾಕಾಗಿತ್ತು. 2008ರ ವೇಳೆಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳ ಆಯ್ದ ವಲಯಗಳಲ್ಲಿ ದಿನದ 24 ಗಂಟೆ ನೀರು ಪೂರೈಕೆ ಪ್ರಾಯೋಗಿಕವಾಗಿ ಆರಂಭವಾಯಿತು. 2019ರಲ್ಲಿ ಆರಂಭವಾದ ಜಲಜೀವನ ಅಭಿಯಾನದಿಂದ ಗ್ರಾಮೀಣ ಮನೆಗಳಿಗೂ ನಳ ಬಂದಿತು. ಪೇಟೆಯ ಮನೆಗಳಲ್ಲಿ ಒತ್ತಡದ ಪಂಪುಗಳೂ ಬಂದಿವೆ. ಪೈಪಿನಲ್ಲಿ ಹಗಲೂ ರಾತ್ರಿ ಒತ್ತಡವಿದ್ದಾಗ ಸೋರಿಕೆಗೂ ಬಿಡುವಿಲ್ಲ. ಸೆಕೆಂಡಿಗೆ ಒಂದೇ ಹನಿ ಎಂದರೂ ದಿನಕ್ಕೆ 86,400 ಹನಿಗಳಾದವು. ಅವು ಹೋಗುವುದು ಮಾಲೀಕರ ಗೋಡೆಯೊಳಕ್ಕೆ.

ಆಯ್ಕೆ: ಪೈಪಿಗೆ ತಕ್ಕ ಉಪಕರಣ

ನಾನು ವಾಣಿಜ್ಯ ಪದವೀಧರನೇ ಹೊರತು ಯಂತ್ರ ತಜ್ಞನಲ್ಲ. ಆದರೆ ಆ ಘಟನೆಯ ಬಳಿಕ ಅನುಭವಿ ಪ್ಲಂಬರುಗಳನ್ನೂ ಉಪಕರಣ ವ್ಯಾಪಾರಿಗಳನ್ನೂ ಕೇಳಿ, ಕೈಯಲ್ಲಿ ಹಿಡಿದು ನೋಡಿ ತಿಳಿದುಕೊಂಡ ವಿಷಯಗಳನ್ನು ಖರೀದಿದಾರನ ದೃಷ್ಟಿಯಿಂದ ಹೇಳಬಲ್ಲೆ.

ಮೊದಲನೆಯದು ಹ್ಯಾಕ್ಸಾ. ಎಲ್ಲ ಚೀಲಗಳಲ್ಲೂ ಇರುವ, ಯಾವ ಪೈಪಿಗೂ ಒದಗುವ, ಅತಿ ಹೆಚ್ಚು ದುರುಪಯೋಗಕ್ಕೆ ಒಳಗಾಗುವ ಉಪಕರಣ ಇದು. ಚೌಕಟ್ಟು ಬಾಗದಷ್ಟು ಗಟ್ಟಿಯಾಗಿರಬೇಕು, ಬ್ಲೇಡನ್ನು ಬಿಗಿಮಾಡುವ ತಿರುಪು ಸಡಿಲಬಾರದು. ಅಂಗಡಿಯಲ್ಲಿ ಹೆಚ್ಚಿನವರು ‘ಒಂದು ಬ್ಲೇಡು ಕೊಡಿ’ ಎನ್ನುತ್ತಾರೆ. ಯಾವ ಬ್ಲೇಡು ಎಂದು ಅವರೂ ಹೇಳುವುದಿಲ್ಲ, ವ್ಯಾಪಾರಿಯೂ ಕೇಳುವುದಿಲ್ಲ. ಬ್ಲೇಡಿನ ಮೇಲೆ 18, 24 ಅಥವಾ 32 ಎಂದು ಮುದ್ರಿಸಿರುತ್ತದೆ. ಇದು ಒಂದು ಇಂಚಿನಲ್ಲಿರುವ ಹಲ್ಲುಗಳ ಸಂಖ್ಯೆ. ಕೊಯ್ಯುವ ಗೋಡೆಯ ದಪ್ಪದ ಮೇಲೆ ಏಕಕಾಲಕ್ಕೆ ಮೂರು ಹಲ್ಲುಗಳಾದರೂ ಕೂರಬೇಕೆಂಬುದು ಕುಶಲಕರ್ಮಿಗಳ ನಿಯಮ.

ಇಲ್ಲಿ ಲೆಕ್ಕಿಗನಿಗೂ ಸ್ವಲ್ಪ ಕೆಲಸವಿದೆ. ಐ.ಎಸ್. 1239 ಮಾನಕದ ಅರ್ಧ ಇಂಚಿನ ಮಧ್ಯಮ ದರ್ಜೆಯ, ಅಂದರೆ ನೀಲಿ ಪಟ್ಟಿಯ ಜಿ.ಐ. ಪೈಪಿನ ಗೋಡೆ 2.6 ಮಿ.ಮೀ. ದಪ್ಪ. 18 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 1.4 ಮಿ.ಮೀ. ಅಂತರವಿರುವುದರಿಂದ ಈ ಗೋಡೆಯ ಮೇಲೆ ಎರಡು ಹಲ್ಲೂ ಪೂರ್ತಿ ಕೂರುವುದಿಲ್ಲ. 24ರಲ್ಲಿ ಎರಡೂವರೆ ಕೂರುತ್ತವೆ. 32ರಲ್ಲಿ ಮೂರಕ್ಕೂ ಹೆಚ್ಚು. ಆದ್ದರಿಂದ ಇಂತಹ ಪೈಪಿಗೆ 24ಕ್ಕಿಂತ ಒರಟಾದ ಬ್ಲೇಡು ಸಲ್ಲದು, 2 ಮಿ.ಮೀ. ಗೋಡೆಯ ಹಳದಿ ಪಟ್ಟಿಯ ಹಗುರ ಪೈಪಿಗೆ 32ರದೇ ಯೋಗ್ಯ. 18ರ ಬ್ಲೇಡು ದಪ್ಪ ಕಬ್ಬಿಣಕ್ಕೆ. ತೆಳು ಪೈಪಿನ ಮೇಲೆ ಅದನ್ನು ಓಡಿಸಿದರೆ ಗೋಡೆಯು ಎರಡು ಹಲ್ಲುಗಳ ನಡುವಿನ ಸಂದಿಗೆ ಸಿಕ್ಕಿ ಹಲ್ಲು ಮುರಿಯುತ್ತದೆ. ಆಗ ‘ಕಂಪನಿಯ ಮಾಲು ಸರಿಯಿಲ್ಲ’ ಎಂದು ಗಿರಾಕಿ ಬೈಯುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಎರಡನೆಯದು ಗಾಲಿ ಕಟರು. ಪೈಪಿನ ಸುತ್ತ ತಿರುಗಿಸುತ್ತ, ಪ್ರತಿ ಸುತ್ತಿಗೆ ಹಿಡಿಯನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸುತ್ತ ಹೋದರೆ ಅದು ಕಾಟಕೋನದಲ್ಲಿ ಶುದ್ಧವಾಗಿ ಕೊಯ್ಯುತ್ತದೆ. ಜಿ.ಐ. ಪೈಪಿಗೆ ದೊಡ್ಡದು, ತಾಮ್ರದ ಕೊಳವೆಗೆ ಚಿಕ್ಕದು. ಹವಾನಿಯಂತ್ರಕದ ತಾಮ್ರದ ಕೊಳವೆಯನ್ನು ಹ್ಯಾಕ್ಸಾದಿಂದ ಕೊಯ್ಯುವುದು ತಪ್ಪು, ಏಕೆಂದರೆ ಲೋಹದ ಪುಡಿ ಒಳಗೆ ಬಿದ್ದು ಕಂಪ್ರೆಸರಿನವರೆಗೂ ಪ್ರಯಾಣ ಮಾಡುತ್ತದೆ. ಗಾಲಿ ಕಟರು ಕೊಳ್ಳುವಾಗ ಅಂಗಡಿಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ತುಂಡು ಪೈಪಿನ ಮೇಲೆ ಹಗುರವಾಗಿ ಬಿಗಿದು ಒಂದು ಪೂರ್ಣ ಸುತ್ತು ತಿರುಗಿಸಿ. ಗಾಲಿ ಎಳೆದ ಗೆರೆಯ ಆದಿ ಅಂತ್ಯಗಳು ಒಂದನ್ನೊಂದು ಕೂಡಿದರೆ ಉಪಕರಣ ಸರಿಯಾಗಿದೆ. ಗೆರೆಯು ಸ್ಕ್ರೂವಿನ ಥ್ರೆಡ್ಡಿನಂತೆ ಪಕ್ಕಕ್ಕೆ ಸರಿಯುತ್ತ ಹೋದರೆ ಗಾಲಿಯೂ ರೋಲರುಗಳೂ ಒಂದೇ ನೇರದಲ್ಲಿಲ್ಲವೆಂದು ಅರ್ಥ. ಎಷ್ಟೇ ಅಗ್ಗವಾದರೂ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಮೂರನೆಯದು ಪ್ಲಾಸ್ಟಿಕ್ ಪೈಪುಗಳ ರ‍್ಯಾಚೆಟ್ ಕಟರು, ನಮ್ಮ ಕೆಲಸಗಾರರ ಭಾಷೆಯಲ್ಲಿ ಪೈಪಿನ ಕತ್ತರಿ. ಸಣ್ಣ ವ್ಯಾಸದ ಸಿಪಿವಿಸಿ, ಪಿಪಿಆರ್ ಪೈಪುಗಳಿಗೆ ಇದರಷ್ಟು ಅನುಕೂಲವಾದದ್ದು ಮತ್ತೊಂದಿಲ್ಲ. ಆದರೆ ಅಲಗು ಮೊಂಡಾದರೆ ಇದರಷ್ಟು ಅಪಾಯಕಾರಿಯೂ ಇನ್ನೊಂದಿಲ್ಲ. ಮೊಂಡು ಅಲಗು ಪೈಪನ್ನು ಕೊಯ್ಯುವ ಮೊದಲು ಅಮುಕಿ ಚಪ್ಪಟೆ ಮಾಡುತ್ತದೆ. ಚಳಿಗಾಲದ ಮುಂಜಾನೆ ತಣ್ಣಗಾದ ಪೈಪಿನಲ್ಲಿ, ಬಹುಕಾಲ ಬಿಸಿಲಿನಲ್ಲಿ ಬಿದ್ದು ಪೆಡಸಾದ ಪೈಪಿನಲ್ಲಿ ಅಮುಕಿದ ಜಾಗದಿಂದ ಸಣ್ಣ ಬಿರುಕು ಹೊರಡುತ್ತದೆ. ನಾನು ಮೇಲೆ ಹೇಳಿದ ಗೋಡೆಯ ಕಥೆಯ ಮೂಲ ಇದೇ ಆಗಿರಬೇಕೆಂದು ಅನುಭವಿಗಳು ನನಗೆ ವಿವರಿಸಿದರು. ಬಿರುಕು ಕಂಡರೆ ಅದು ಕಾಣುವ ಕೊನೆಯಿಂದ ಕನಿಷ್ಠ ಎರಡು ಇಂಚು ಆಚೆಗೆ ಕೊಯ್ದು ಬಿಸಾಡಬೇಕು. ಸಂದೇಹವಿದ್ದಲ್ಲಿ ಕತ್ತರಿಯ ಬದಲು ಸಣ್ಣ ಹಲ್ಲಿನ ಗರಗಸವನ್ನು ಮೈಟರ್ ಪೆಟ್ಟಿಗೆಯಲ್ಲಿಟ್ಟು ಕೊಯ್ಯುವುದು ಕ್ಷೇಮ. ದೊಡ್ಡ ವ್ಯಾಸದ ಪಿವಿಸಿ ಪೈಪಿಗಂತೂ ಗರಗಸವೇ ಸರಿ. ಕೊಯ್ಯುವ ಮೊದಲು ಪೈಪಿನ ಸುತ್ತ ಒಂದು ಕಾಗದದ ಪಟ್ಟಿಯನ್ನು ಅಂಚಿಗೆ ಅಂಚು ಕೂಡುವಂತೆ ಸುತ್ತಿ ಗುರುತು ಹಾಕಿಕೊಂಡರೆ ತುದಿ ಓರೆಯಾಗುವುದಿಲ್ಲ. ಈ ಉಪಾಯಕ್ಕೆ ಖರ್ಚೇ ಇಲ್ಲ.

ಇವುಗಳೊಂದಿಗೆ ಪೈಪ್ ವೈಸ್, ರೀಮರ್, ಅರ ಇರಲೇಬೇಕು. ಮೊಣಕಾಲಿನಡಿ ಪೈಪು ಒತ್ತಿಹಿಡಿದು ಕೊಯ್ಯುವವನಿಂದ ನೇರ ತುದಿಯನ್ನು ನಿರೀಕ್ಷಿಸುವುದು ಅನ್ಯಾಯ.

‘ಗ್ರೈಂಡರ್ ಇರುವಾಗ ಇವೆಲ್ಲ ಏತಕ್ಕೆ?’ ಎಂಬ ಪ್ರಶ್ನೆ ಸಹಜ. ಗ್ರೈಂಡರ್ ವೇಗದ ಉಪಕರಣ, ನಿಜ. ಆದರೆ ಅದರ ಶಾಖಕ್ಕೆ ಪ್ಲಾಸ್ಟಿಕ್ ಪೈಪಿನ ಅಂಚು ಕರಗಿ ಗಂಟಾಗುತ್ತದೆ. ಜಿ.ಐ. ಪೈಪಿನ ತುದಿಯ ಸತುವಿನ ಲೇಪ ಸುಟ್ಟು ಹೋಗುತ್ತದೆ, ಆ ಹೊಗೆಯನ್ನು ಕೆಲಸಗಾರ ಉಸಿರಾಡುತ್ತಾನೆ. ಕೈಯಲ್ಲಿ ಹಿಡಿದು ಕೊಯ್ದ ತುದಿ ನೇರವಾಗಿರುವುದೂ ಅಪರೂಪ. ರಕ್ಷಣಾ ಕವಚವನ್ನು ಕಳಚಿಟ್ಟು, ಕನ್ನಡಕವಿಲ್ಲದೆ ಗ್ರೈಂಡರ್ ಹಿಡಿದ ದೃಶ್ಯ ನಮ್ಮೆಲ್ಲರಿಗೂ ಪರಿಚಿತ. ಒಂದು ಅಪಘಾತದ ವೆಚ್ಚವನ್ನು ಯಾವ ಖಾತೆಗೆ ಬರೆಯಬೇಕೆಂದು ನನ್ನನ್ನು ಯಾರೂ ಕೇಳದಿರಲಿ.

ನಿರ್ವಹಣೆ: ಐದು ನಿಮಿಷದ ಶಿಸ್ತು

ಉಪಕರಣಗಳು ಬಳಕೆಯಿಂದ ಸವೆಯುತ್ತವೆ. ಅದಕ್ಕಿಂತ ಬೇಗ ಅಲಕ್ಷ್ಯದಿಂದ ಹಾಳಾಗುತ್ತವೆ. ಪ್ರತಿ ಸಂಜೆ ಐದು ನಿಮಿಷದ ಕೆಲಸ ಸಾಕು.

ಹ್ಯಾಕ್ಸಾ ಬ್ಲೇಡಿನ ಹಲ್ಲುಗಳು ಹಿಡಿಯಿಂದ ಮುಂದಕ್ಕೆ ಮುಖಮಾಡಿರಬೇಕು. ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಹಗುರಗೊಳಿಸಬೇಕು. ಅವಸರದಿಂದ ಉಜ್ಜಿದರೆ ಬ್ಲೇಡು ಕಾದು ಹಲ್ಲಿನ ಹರಿತ ಹೋಗುತ್ತದೆ. ಕೊಯ್ತದ ನಡುವೆ ಬ್ಲೇಡು ಮುರಿದರೆ ಹೊಸ ಬ್ಲೇಡನ್ನು ಹಳೆಯ ಸೀಳಿನಲ್ಲಿಯೇ ಇಳಿಸಬಾರದು. ಸವೆದ ಬ್ಲೇಡು ಮಾಡಿದ ಸೀಳು ಕಿರಿದಾಗಿರುವುದರಿಂದ ಹೊಸದು ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಪೈಪನ್ನು ತಿರುಗಿಸಿ ಎದುರು ಬದಿಯಿಂದ ಆರಂಭಿಸಬೇಕು. ಕೆಲಸ ಮುಗಿದ ಮೇಲೆ ಬಿಗಿತವನ್ನು ಸ್ವಲ್ಪ ಸಡಿಲಿಸಿಡಬೇಕು.

ಗಾಲಿ ಕಟರಿನ ತಿರುಪಿಗೂ, ಗಾಲಿ ಮತ್ತು ರೋಲರುಗಳ ಗೂಟಗಳಿಗೂ ಒಂದೊಂದು ಹನಿ ಎಣ್ಣೆ ಬೇಕು. ಗಾಲಿಯ ಅಂಚು ಚಕ್ಕೆಯೆದ್ದಿದ್ದರೆ ಅದನ್ನು ಬದಲಾಯಿಸಬೇಕೇ ಹೊರತು ಹಿಡಿಯನ್ನು ಇನ್ನೂ ಬಿಗಿಯಬಾರದು. ಹಾಗೆ ಬಿಗಿದರೆ ತಾಮ್ರದ ಕೊಳವೆ ಚಪ್ಪಟೆಯಾಗುತ್ತದೆ, ಜಿ.ಐ. ಪೈಪಿನ ಒಳ ಉಬ್ಬು ದೊಡ್ಡದಾಗುತ್ತದೆ. ಪೈಪಿನ ಕತ್ತರಿಯ ಅಲಗಿಗೆ ಅಂಟಿದ ಸಾಲ್ವೆಂಟ್ ಸಿಮೆಂಟನ್ನು ಒಣಗುವ ಮೊದಲೇ ಒರೆಸಬೇಕು. ಅದರಿಂದ ವೈರು, ತಗಡು, ಕೇಬಲ್ ಕತ್ತರಿಸಲು ಯಾರಿಗೂ ಕೊಡಬಾರದು. ಡೈ ಮತ್ತು ವೈಸಿನ ಹಲ್ಲುಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಲೋಹದ ಪುಡಿಯನ್ನು ತೆಗೆಯಬೇಕು.

ಉಪಕರಣಗಳ ಅತಿ ದೊಡ್ಡ ಶತ್ರುಗಳು ಮರಳು, ಸಿಮೆಂಟು ಮತ್ತು ತೇವ. ಕಟ್ಟಡದ ನೆಲದ ಮೇಲೆ ಬಿಟ್ಟ ಕಟರಿನ ತಿರುಪಿನಲ್ಲಿ ಮರಳು ಸೇರಿದರೆ ಕೆಲವು ತಿಂಗಳುಗಳಲ್ಲಿ ಅದರ ಆಯುಷ್ಯ ಮುಗಿಯಿತು. ಮಳೆಗಾಲದ ಮಲೆನಾಡಿನಲ್ಲಿ, ಉಪ್ಪುಗಾಳಿಯ ಕರಾವಳಿಯಲ್ಲಿ ಕೆಲಸ ಹಿಡಿದವರು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡುವುದು ಅನಿವಾರ್ಯ.

ಲೆಕ್ಕ ಏನು ಹೇಳುತ್ತದೆ

ಈಗ ನನ್ನ ಕ್ಷೇತ್ರಕ್ಕೆ ಮರಳುತ್ತೇನೆ. ಒಂದು ಸಾಮಾನ್ಯ ಮನೆಯ ಕೆಲಸದಲ್ಲಿ ನೂರು ಕೊಯ್ತಗಳೆಂದು ಭಾವಿಸೋಣ. ಮೊಂಡು ಬ್ಲೇಡಿನಿಂದ ಪ್ರತಿ ಕೊಯ್ತಕ್ಕೆ ಮೂರು ನಿಮಿಷ ಹೆಚ್ಚು ಹಿಡಿದರೆ ಒಟ್ಟು 300 ನಿಮಿಷ, ಅಂದರೆ ಐದು ಗಂಟೆ. ಪ್ಲಂಬರ್ ಮತ್ತು ಸಹಾಯಕ ಇಬ್ಬರ ದಿನಗೂಲಿ ಸೇರಿ 1,800 ರೂ. ಎಂದೂ, ಎಂಟು ಗಂಟೆಯ ದಿನವೆಂದೂ ಇಟ್ಟುಕೊಂಡರೆ ವ್ಯರ್ಥವಾದ ಕೂಲಿ 1,125 ರೂ. ಓರೆಯಾದ ತುದಿಯನ್ನು ಸರಿಪಡಿಸಲು ಪ್ರತಿ ಕೊಯ್ತಕ್ಕೆ ಐದು ಸೆಂ.ಮೀ. ಪೈಪು ಹೋದರೆ ಒಟ್ಟು ಐದು ಮೀಟರ್ ಪೈಪು ತುಂಡುಗಳ ರಾಶಿಗೆ ಸೇರಿತು. ಇವೆಲ್ಲವನ್ನು ತಪ್ಪಿಸಲು ನಾಲ್ಕು ಒಳ್ಳೆಯ ಬ್ಲೇಡುಗಳು ಸಾಕು. ಒಂದಕ್ಕೆ 50 ರೂ. ಹಿಡಿದರೂ 200 ರೂ. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಬಹುದು. ಅಂಕಿಗಳು ಬದಲಾದಾವು, ತೀರ್ಮಾನ ಬದಲಾಗದು. ಇದರಲ್ಲಿ ಸೋರಿಕೆಯ ದುರಸ್ತಿಯನ್ನೂ ಕಳೆದುಹೋದ ಗಿರಾಕಿಯನ್ನೂ ನಾನು ಸೇರಿಸಿಯೇ ಇಲ್ಲ.

ಆದುದರಿಂದ ಉಪಕರಣವನ್ನು ಅದರ ಬೆಲೆಯಿಂದ ಅಳೆಯದೆ, ಒಂದು ಕೊಯ್ತಕ್ಕೆ ತಗಲುವ ವೆಚ್ಚದಿಂದ ಅಳೆಯಬೇಕು. ಬಿಡಿ ಅಲಗು ಸಿಗದ ಅಗ್ಗದ ಕಟರು ಒಮ್ಮೆ ಮೊಂಡಾದರೆ ಗುಜರಿ. ಅಲಗು ಬದಲಿಸಬಹುದಾದ ಕಟರಿನ ಬೆಲೆ ಎರಡು ಪಟ್ಟಾದರೂ ಅದು ವರ್ಷಾನುಗಟ್ಟಲೆ ಬಾಳುತ್ತದೆ.

ಲೆಕ್ಕ ಬರೆಯುವ ವಿಧಾನದ ಬಗ್ಗೆಯೂ ಎರಡು ಮಾತು. 2013ರ ಕಂಪನಿಗಳ ಕಾಯಿದೆಯ ಮೂರನೆಯ ಅನುಸೂಚಿಯು ದಾಸ್ತಾನಿನ ವರ್ಗೀಕರಣದಲ್ಲಿ ‘ಲೂಸ್ ಟೂಲ್ಸ್’ ಎಂಬ ಪ್ರತ್ಯೇಕ ಬಾಬನ್ನೇ ಹೆಸರಿಸಿದೆ. ಕಂಪನಿಯಲ್ಲದ ಸಣ್ಣ ಸಂಸ್ಥೆಗಳಿಗೆ ಅದು ಕಡ್ಡಾಯವಲ್ಲದಿದ್ದರೂ ಅನುಸರಿಸಲು ಯೋಗ್ಯ. ವರ್ಷಾಂತ್ಯದ ಮಾರ್ಚ್ 31ರಂದು ಪೈಪು ಎಣಿಸುವವರು ಕಟರುಗಳನ್ನೂ ಎಣಿಸಲಿ. ಜಿ.ಎಸ್.ಟಿ.ಯಲ್ಲಿ ನೋಂದಾಯಿತರಾದವರು ಉಪಕರಣಗಳನ್ನು ಸರಿಯಾದ ಬಿಲ್ಲಿನ ಮೇಲೆ ಕೊಂಡರೆ ನಿಯಮಾನುಸಾರ ಹೂಡುವಳಿ ತೆರಿಗೆಯ ಜಮೆಯೂ ದೊರೆಯುತ್ತದೆ. ಗರಗಸ ಮತ್ತು ಬ್ಲೇಡುಗಳು 8202ನೆಯ ಶೀರ್ಷಿಕೆಯಲ್ಲಿ, ಪೈಪ್ ಕಟರುಗಳು 8203ನೆಯದರಲ್ಲಿ ಬರುತ್ತವೆ. ಕೆಲಸಗಾರ ತನ್ನ ಕಿಸೆಯಿಂದ ಬಿಲ್ಲಿಲ್ಲದೆ ಕೊಂಡ ಬ್ಲೇಡಿಗೆ ಈ ಅನುಕೂಲ ಯಾರಿಗೂ ಇಲ್ಲ.

ಆಕ್ಷೇಪಣೆಗಳು

‘ಉಪಕರಣ ಕೊಟ್ಟರೆ ಕಳೆಯುತ್ತಾರೆ, ಬೇರೆ ಕೆಲಸಕ್ಕೆ ಒಯ್ಯುತ್ತಾರೆ, ತಮ್ಮದಲ್ಲವೆಂದು ಒರಟಾಗಿ ಬಳಸುತ್ತಾರೆ’ ಎಂಬುದು ಗುತ್ತಿಗೆದಾರರ ಆಕ್ಷೇಪಣೆ. ಇದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. ನನ್ನ ಕಕ್ಷಿದಾರರೂ ಇದನ್ನೇ ಹೇಳಿದರು. ಆಗ ನಾವು ಒಂದು ಸರಳ ಪದ್ಧತಿಯನ್ನು ರೂಪಿಸಿದೆವು. ಪ್ರತಿ ಕಟರಿಗೂ ಒಂದು ಸಂಖ್ಯೆ ಕೊರೆಸಿದರು. ಒಂದು ನೋಟುಬುಕ್ಕಿನಲ್ಲಿ ಯಾವ ಸಂಖ್ಯೆ ಯಾರ ಕೈಯಲ್ಲಿದೆ ಎಂದು ದಾಖಲೆ ಇಡತೊಡಗಿದರು. ಬ್ಲೇಡಿಗೆ ಒಂದೇ ನಿಯಮ: ಹಳೆಯದನ್ನು ತಂದುಕೊಟ್ಟವರಿಗೆ ಹೊಸದು, ಪ್ರಶ್ನೆ ಕೇಳದೆ. ಒಂದು ವರ್ಷ ದೋಷವಿಲ್ಲದೆ ಕಟರನ್ನು ಕಾಪಾಡಿಕೊಂಡವರಿಗೆ ಅದನ್ನೇ ಬಹುಮಾನವಾಗಿ ಕೊಡುವುದು.

ಮೊದಲ ವರ್ಷ ಎರಡು ಕಟರುಗಳು ಕಳೆದವು. ಉಪಕರಣ ಖಾತೆಯ ಮೊತ್ತ ಕಣ್ಣಿಗೆ ಹೊಡೆಯುವಷ್ಟು ಏರಿತು. ಕಕ್ಷಿದಾರರು ನನ್ನನ್ನು ಸ್ವಲ್ಪ ಸಂಶಯದಿಂದಲೇ ನೋಡಿದರು. ಆದರೆ ಪೈಪಿನ ತುಂಡುಗಳ ರಾಶಿ ಕರಗಿತು. ಸೋರಿಕೆ ದುರಸ್ತಿಯ ಖಾತೆ ಒಮ್ಮೆಲೇ ಇಳಿಯಲಿಲ್ಲ, ಏಕೆಂದರೆ ಹಳೆಯ ಗೋಡೆಗಳು ಮಾತನಾಡುತ್ತಲೇ ಇದ್ದವು. ಮೂರನೆಯ ವರ್ಷದಿಂದ ಅದೂ ಇಳಿಮುಖವಾಯಿತು. ಇದಕ್ಕೆ ಬ್ಲೇಡೊಂದೇ ಕಾರಣವೆಂದು ನಾನು ಪ್ರಮಾಣಪತ್ರ ನೀಡಲಾರೆ, ಒತ್ತಡ ಪರೀಕ್ಷೆಯನ್ನೂ ಅವರು ಅದೇ ವೇಳೆಗೆ ಕಡ್ಡಾಯ ಮಾಡಿದ್ದರು. ಆದರೆ ಅಂದು ತಲೆಯೆತ್ತದೆ ಉತ್ತರಿಸಿದ್ದ ಪ್ಲಂಬರ್ ಈಗ ಹೊಸ ಹುಡುಗರಿಗೆ ಬ್ಲೇಡಿನ ಸಂಖ್ಯೆ ಓದುವುದನ್ನು ಕಲಿಸುತ್ತಾರೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ವ್ಯಾಪಾರಿಗಳಿಗೂ ತಯಾರಕರಿಗೂ

ಯಂತ್ರ ಸಾಮಗ್ರಿ ಮತ್ತು ಸ್ಯಾನಿಟರಿ ವ್ಯಾಪಾರದಲ್ಲಿರುವ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಗಿರಾಕಿ ಬ್ಲೇಡು ಕೇಳಿದಾಗ ‘ಯಾವ ಪೈಪಿಗೆ?’ ಎಂದು ಒಂದು ಪ್ರಶ್ನೆ ಕೇಳಿ. ಕಟರು ಮಾರಿದರೆ ಅದರ ಗಾಲಿ ಮತ್ತು ಅಲಗನ್ನೂ ದಾಸ್ತಾನಿನಲ್ಲಿಡಿ. ಬಿಡಿ ಭಾಗ ಇಡದ ವ್ಯಾಪಾರಿ ಒಮ್ಮೆ ಮಾತ್ರ ಮಾರುತ್ತಾನೆ, ಇಟ್ಟವನ ಬಳಿಗೆ ಗಿರಾಕಿ ಮರಳಿ ಬರುತ್ತಾನೆ. ಅಂಗಡಿಯ ಮೂಲೆಯಲ್ಲಿ ಒಂದು ವೈಸ್, ಕೆಲವು ತುಂಡು ಪೈಪುಗಳಿದ್ದರೆ ನಿಮ್ಮ ಮಾಲು ತನ್ನ ಗುಣವನ್ನು ತಾನೇ ಹೇಳಿಕೊಳ್ಳುತ್ತದೆ.

ಕೈ ಉಪಕರಣಗಳ ತಯಾರಿಕೆಗೆ ಪಂಜಾಬಿನ ಜಲಂಧರ, ಲೂಧಿಯಾನಗಳು ಹಾಗೂ ರಾಜಸ್ಥಾನದ ನಾಗೌರ್ ಹೆಸರಾಗಿವೆ. ಗೋಕುಲ ರಸ್ತೆ, ತಾರಿಹಾಳಗಳ ನಮ್ಮ ಘಟಕಗಳಲ್ಲಿ ವಾಲ್ವು ಮತ್ತು ಯಂತ್ರ ಭಾಗಗಳನ್ನು ನಿಖರವಾಗಿ ತಯಾರಿಸುವ ಕೌಶಲವಿದೆ. ಕಟರಿನ ಗಾಲಿ, ಗೂಟ, ಅಲಗುಗಳಂತಹ ಬಿಡಿ ಭಾಗಗಳನ್ನು ನಮ್ಮಲ್ಲೇ ತಯಾರಿಸುವ ಸಾಧ್ಯತೆಯನ್ನು ಸಣ್ಣ ಉದ್ಯಮಿಗಳು ಪರಿಶೀಲಿಸಬೇಕು. ಇಲ್ಲಿ ಮುಖ್ಯವಾದದ್ದು ಉಕ್ಕಿನ ಆಯ್ಕೆ ಮತ್ತು ಹದಗೊಳಿಸುವಿಕೆ. ಹದ ಹೆಚ್ಚಾದರೆ ಅಂಚು ಚಕ್ಕೆಯೇಳುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. 1972ರಲ್ಲಿ ಡೆನ್ಮಾರ್ಕ್ ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದು ರಾಜ್ಯದ ಹಲವೆಡೆ ಶಾಖೆಗಳನ್ನು ಹೊಂದಿದೆ. ಇಂತಹ ವಿಷಯಗಳಲ್ಲಿ ಅದರ ಸಲಹೆ ಪಡೆಯಬಹುದು.

ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯೂ ಸುಮ್ಮನಿರಬಾರದು. ಐ.ಟಿ.ಐ.ಗಳಲ್ಲಿ ಒಂದು ವರ್ಷದ ಪ್ಲಂಬರ್ ತರಬೇತಿಯಿದೆ. ಆದರೆ ಕೆಲಸ ಮಾಡುತ್ತಲೇ ಕಲಿತ ನೂರಾರು ಮಂದಿಗೆ ಆ ಬಾಗಿಲು ದೂರ. ವ್ಯಾಪಾರಿ ಸದಸ್ಯರು, ಗುತ್ತಿಗೆದಾರರು ಮತ್ತು ಐ.ಟಿ.ಐ. ಬೋಧಕರು ಸೇರಿ ವರ್ಷಕ್ಕೆ ಎರಡು ಭಾನುವಾರ ಉಪಕರಣ ಬಳಕೆಯ ಶಿಬಿರ ನಡೆಸಿದರೆ ಸಭಾಂಗಣದ ವಿದ್ಯುತ್ ಬಿಲ್ಲಿಗಿಂತ ಹೆಚ್ಚು ಖರ್ಚಾಗದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಗೋಡೆಯೊಳಗಿನ ಜೋಡಣೆಯನ್ನು ಮಾಲೀಕ ನೋಡಲಾರ, ನಮ್ಮನ್ನು ನಂಬಿ ಹಣ ಕೊಡುತ್ತಾನೆ. ಆ ನಂಬಿಕೆ ಒಂದು ಬ್ಲೇಡಿನ ಬೆಲೆಗೆ ಹೋಗಬಾರದು. ಮುಂದಿನ ಕೆಲಸದ ಅಂದಾಜು ಪಟ್ಟಿಯನ್ನು ಬರೆಯುವಾಗ ಪೈಪು, ಫಿಟಿಂಗ್, ಕೂಲಿಗಳ ಕೆಳಗೆ ‘ಬ್ಲೇಡು ಮತ್ತು ಬಿಡಿ ಭಾಗ’ ಎಂದು ಇನ್ನೊಂದು ಸಾಲನ್ನು ಸೇರಿಸಿ. ಅದು ಇಡೀ ಪಟ್ಟಿಯಲ್ಲಿ ಅತಿ ಸಣ್ಣ ಮೊತ್ತವಾಗಿರುತ್ತದೆ, ಆದರೆ ಅದನ್ನು ಮೊದಲು ಮಂಜೂರು ಮಾಡಿ.